ಸಫಿಲ್‌ಗೂಡದ ಏರಿಯ ಮೇಲೆ

ಮಲ್ಕಾಜ್‌ಗಿರಿ ಎಂಬ ಹೆಸರು ಹೊಸದಾಗಿ ಬಂದ ಕನ್ನಡಿಗರಿಗೆ ಉರ್ದುವಿನಂತೆ ಕೇಳುತ್ತದೆ. ಹಳಬರನ್ನು ಕೇಳಿದರೆ, ಮಲ್ಲಿಕಾರ್ಜುನಗಿರಿ ಎಂಬುದು ಬಾಯಿಂದ ಬಾಯಿಗೆ ಸವೆದು ಹೀಗಾಯಿತು ಎನ್ನುತ್ತಾರೆ. ಊರಿನ ಹೆಸರು ಸವೆದರೂ ಇಲ್ಲಿನ ಕೆರೆಗಳ ಹೆಸರು ಇನ್ನೂ ಗಟ್ಟಿಯಾಗಿವೆ. ಸಂಜೆ ವಾಕಿಂಗ್‌ಗೆ ಎಲ್ಲರೂ ಹೋಗುವ ಸಫಿಲ್‌ಗೂಡ ಕೆರೆಯ ಹಳೆಯ ಹೆಸರು ನಡಿಮಿ ಚೆರುವು, ಅಂದರೆ ನಡುವಿನ ಕೆರೆ. ಯಾವುದರ ನಡುವೆ ಎಂದರೆ, ಮೇಲೆ ರಾಮಕೃಷ್ಣಾಪುರಂ ಕೆರೆ, ಕೆಳಗೆ ಬಂಡಚೆರುವು. ಮೇಲಿನದು ತುಂಬಿ ಇದಕ್ಕೆ, ಇದು ತುಂಬಿ ಕೆಳಗಿನದಕ್ಕೆ, ಅಲ್ಲಿಂದ ಕೊನೆಗೆ ಮೂಸಿ ನದಿಗೆ. ನಮ್ಮ ಕೋಲಾರದ ಕಡೆಯವರಿಗೆ ಈ ಕೆರೆಸಾಲನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಜನ ಇದನ್ನು ಮಿನಿ ಟ್ಯಾಂಕ್‌ಬಂಡ್ ಎನ್ನುತ್ತಾರೆ. ಪಾರ್ಕು, ಕಾಲುದಾರಿ, ದೀಪ, ಮಕ್ಕಳ ಆಟದ ಸಾಮಾನು ಎಲ್ಲವೂ ಇವೆ. ಹುಸೇನ್‌ಸಾಗರದ ಏರಿಯೇ ಹೈದರಾಬಾದಿನ ಮೂಲ ಟ್ಯಾಂಕ್‌ಬಂಡ್. 16ನೇ ಶತಮಾನದಲ್ಲಿ ಕಟ್ಟಿದ ಆ ಏರಿಯ ಮೇಲೆ ಕಾರು ಓಡಿಸುವವರಲ್ಲಿ ಎಷ್ಟು ಜನಕ್ಕೆ ತಾವು ಒಂದು ಅಣೆಕಟ್ಟಿನ ಮೇಲಿದ್ದೇವೆ ಎಂದು ನೆನಪಿರುತ್ತದೋ! ಅಣೆಕಟ್ಟು ಎಂದರೆ ನಮ್ಮ ಕಣ್ಣಮುಂದೆ ಬರುವುದು ಕನ್ನಂಬಾಡಿ, ತುಂಗಭದ್ರೆ, ಆಲಮಟ್ಟಿ. ಬೆಂಚು ಹಾಕಿದ ಈ ಮಣ್ಣಿನ ದಿಬ್ಬವೂ ಅದೇ ಕೆಲಸ ಮಾಡುತ್ತಿದೆ ಎಂದು ಅನ್ನಿಸುವುದೇ ಇಲ್ಲ.

ಏರಿಗೆ ಇಲ್ಲಿ ಕಟ್ಟ ಎನ್ನುತ್ತಾರೆ. ತೂಬಿಗೆ ತೂಮು. ಕೋಡಿಗೆ ತೆಲಂಗಾಣದವರ ಮಾತು ಮತ್ತಡಿ. ನಾವು ಕೆರೆ ಕೋಡಿ ಬಿತ್ತು ಎನ್ನುವುದನ್ನು ಇವರು ಮತ್ತಡಿ ದುಂಕಿತು, ಅಂದರೆ ಜಿಗಿಯಿತು ಎನ್ನುತ್ತಾರೆ. ಒಳ್ಳೆಯ ಮಳೆಗಾಲದಲ್ಲಿ ಊರ ಕೆರೆಯ ಕೋಡಿ ನೋಡಿದವರಿಗೆ ಈ ಮಾತು ಎಷ್ಟು ಸರಿ ಎಂದು ಗೊತ್ತು. ಇನ್ನು ಕಟ್ಟ ಮೈಸಮ್ಮ. ಸಫಿಲ್‌ಗೂಡದಲ್ಲಿ ಅವಳ ಗುಡಿಗೆ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಕಟ್ಟದ ಮೈಸಮ್ಮ ಎಂದರೆ ಏರಿ ಕಾಯುವ ತಾಯಿ. ತೆಲಂಗಾಣದ ಎಷ್ಟೋ ಕೆರೆಗಳ ಏರಿಯ ಮೇಲೆ ಅವಳಿದ್ದಾಳೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕೇಳಿ ಬೆಳೆದ ನಮಗೆ, ಏರಿ ನಿಲ್ಲುವುದು ಸುಲಭವಲ್ಲ ಎಂಬ ಭಯ ಆ ಗುಡಿಯ ಹಿಂದೆ ಇದ್ದಿರಬೇಕು ಎಂದು ತೋರುತ್ತದೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದು ಕೊಚ್ಚಿಹೋಯಿತು. ಸುಮಾರು 15,000 ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರು ಹೇಳಿದಂತೆ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಎಂಬ ಎರಡು ಜಲಾಶಯ ಕಟ್ಟಿದರು ಎಂಬಷ್ಟು ನಮಗೆಲ್ಲ ಗೊತ್ತು. ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ ಕೂಡ. ಆದರೆ ಅವರ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳ ಜಲಾನಯನದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದವು. ಆಕಾಶದಿಂದ ಬಿದ್ದ ನೀರು ಒಂದು ಕಡೆ, ಒಡೆದ ಕೆರೆಗಳ ನೀರು ಇನ್ನೊಂದು ಕಡೆ. ಮೇಲಿನ ಕೆರೆ ಒಡೆದರೆ ಅದರ ಅಷ್ಟೂ ನೀರು ಒಂದೇ ಸಲಕ್ಕೆ ಕೆಳಗಿನ ಕೆರೆಯ ಎದೆಗೆ ಬಡಿಯುತ್ತದೆ. ಕೆಳಗಿನ ಕೆರೆಯ ಕೋಡಿಯನ್ನು ಅಷ್ಟು ನೀರಿಗೆಂದು ಯಾರೂ ಕಟ್ಟಿರುವುದಿಲ್ಲ.

ಆಗ ಶಂಷಾಬಾದಿನಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆ 12.8 ಇಂಚು, ಈಗಿನ ಲೆಕ್ಕದಲ್ಲಿ ಸುಮಾರು 32 ಸೆಂಟಿಮೀಟರ್. 2020ರ ಅಕ್ಟೋಬರ್ 13ರಂದು ನಮ್ಮದೇ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಯ ಘಟಕೇಸರದ ಬಳಿ ದಾಖಲಾದದ್ದೂ 32 ಸೆಂಟಿಮೀಟರ್! ಆ ರಾತ್ರಿ ಗಗನ್‌ಪಹಾಡ್ ಹತ್ತಿರ ಅಪ್ಪ ಚೆರುವು ಒಡೆದು ಬೆಂಗಳೂರು ಹೆದ್ದಾರಿಯೇ ಕೊಚ್ಚಿಹೋಯಿತು. ದಸರೆಗೆ ಊರಿಗೆ ಹೊರಡುವ ಲೆಕ್ಕದಲ್ಲಿದ್ದ ನಮ್ಮವರಿಗೆ ಅದು ಚೆನ್ನಾಗಿ ನೆನಪಿದೆ. ನಾಲ್ಕು ದಿನ ಕಳೆದು ಬಾಳಾಪುರದ ಗುರ್ರಂ ಚೆರುವು ಒಡೆದು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಬೆಂಗಳೂರಿನವರು ನಗಬೇಕಾಗಿಲ್ಲ. 2019ರ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ಹೊಕ್ಕಿತ್ತು. ಏರಿಯಲ್ಲಿ ಯಾರೋ ಅಗೆದದ್ದೇ ಕಾರಣ ಎಂದು ಆಗ ಸುದ್ದಿಯಾಗಿತ್ತು.

ಹಾಗಾದರೆ ಈ ಸಣ್ಣ ಏರಿಗಳನ್ನು ನೋಡಿಕೊಳ್ಳುವವರು ಯಾರು? 2021ರಲ್ಲಿ ಕೇಂದ್ರ ಸರ್ಕಾರ ಅಣೆಕಟ್ಟು ಸುರಕ್ಷತಾ ಕಾಯ್ದೆ ತಂದಿತು. ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಇಲ್ಲವೇ 10ರಿಂದ 15 ಮೀಟರ್ ಎತ್ತರವಿದ್ದು ಉದ್ದ, ಸಂಗ್ರಹ ಮುಂತಾದ ಕೆಲವು ಷರತ್ತು ಪೂರೈಸುವ ಕಟ್ಟೆಗಳಿಗೆ. ನಗರದೊಳಗಿನ ಬಹುಪಾಲು ಕೆರೆಗಳ ಏರಿ ಅಷ್ಟು ಎತ್ತರವಿರುವುದಿಲ್ಲ. ಕೆರೆಯ ಸುತ್ತ ಜಾಗ ಬಿಡಬೇಕೆಂಬ ನಿಯಮವೇನೋ ಇದೆ: 10 ಹೆಕ್ಟೇರ್ ಅಥವಾ ಅದಕ್ಕೂ ದೊಡ್ಡ ಕೆರೆಯಾದರೆ ತುಂಬು ಮಟ್ಟದ ಗೆರೆಯಿಂದ ಆಚೆ 30 ಮೀಟರ್, ಸಣ್ಣದಾದರೆ 9 ಮೀಟರ್. ಅದು ಮನೆ ಕಟ್ಟದಂತೆ ತಡೆಯುವ ನಿಯಮ, ಏರಿಯ ಆರೋಗ್ಯ ನೋಡುವ ನಿಯಮವಲ್ಲ.

ಹಳ್ಳಿಯಲ್ಲಿ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನೀರಗಂಟಿ ಇದ್ದ. ಕೆಳಗೆ ಅಚ್ಚುಕಟ್ಟಿನ ಗದ್ದೆ ಇತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ತೂಬು ತೆಗೆದು ತೆಗೆದು ಕೆರೆ ತಳ ಕಂಡಿರುತ್ತಿತ್ತು. ಮಳೆ ಬಂದರೆ ಹಿಡಿಯಲು ಜಾಗ ಇರುತ್ತಿತ್ತು. ನಗರದಲ್ಲಿ ಗದ್ದೆಯ ಜಾಗದಲ್ಲಿ ಕಾಲೋನಿ ಎದ್ದಿದೆ. ತೂಬು ತೆಗೆಯುವ ಕಾರಣವೇ ಇಲ್ಲ. ವರ್ಷವಿಡೀ ಚರಂಡಿ ನೀರು ಬರುತ್ತಲೇ ಇರುವುದರಿಂದ ಕೆರೆ ಏಪ್ರಿಲ್‌ನಲ್ಲೂ ತುಂಬಿರುತ್ತದೆ. ನೋಡಲು ಚೆಂದ, ಬೋಟಿಂಗಿಗೂ ಚೆಂದ. ಮೊದಲ ದೊಡ್ಡ ಮಳೆಗೇ ಕೋಡಿಯ ಮೇಲೆ ಭಾರ ಬೀಳುತ್ತದೆ. ಕೋಡಿಗೆ ಪ್ಲಾಸ್ಟಿಕ್ಕು, ಅಂತರಗಂಗೆ, ಗಣೇಶನ ಪೆಂಡಾಲಿನ ಕಟ್ಟಿಗೆ ಸಿಕ್ಕಿಕೊಂಡಿದ್ದರೆ ನೀರು ಏರಿಯನ್ನೇ ಹತ್ತುತ್ತದೆ. ಮಣ್ಣಿನ ಏರಿ ಎಷ್ಟೇ ಗಟ್ಟಿಯಿದ್ದರೂ ತಲೆಯ ಮೇಲೆ ನೀರು ಹರಿದರೆ ಹೆಚ್ಚು ಹೊತ್ತು ನಿಲ್ಲದು.

ಇನ್ನೊಂದು ಬಗೆಯ ಒಡಕು ಒಳಗಿಂದ ಶುರುವಾಗುತ್ತದೆ. ಇಲಿ, ಹೆಗ್ಗಣ ತೋಡಿದ ಬಿಲ, ಸತ್ತ ಮರದ ಕೊಳೆತ ಬೇರು, ಹಳೆಯ ತೂಬಿನ ಪಕ್ಕದ ಸಂದು, ಇವುಗಳ ಮೂಲಕ ನೀರು ಮೆಲ್ಲಗೆ ದಾರಿ ಮಾಡಿಕೊಳ್ಳುತ್ತದೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಬೀದರಿನ ಹಿರಿಯರೊಬ್ಬರಿದ್ದಾರೆ. ಅವರು ಹೇಳುವ ಲಕ್ಷಣ ಇಂಜಿನಿಯರುಗಳು ಹೇಳುವುದಕ್ಕಿಂತ ಬೇರೆಯಲ್ಲ: "ಏರಿ ಕೆಳಗ ತಿಳಿ ನೀರ ಜಿನುಗಿದ್ರ ಭಾಳ ಅಂಜಬ್ಯಾಡ್ರಿ, ಕಣ್ಣಿಟ್ಟ ನೋಡ್ರಿ. ಕೆಂಪನ ರಾಡಿ ನೀರ ಬಂತಂದ್ರ ಅಲ್ಲಿ ನಿಲ್ಲಬ್ಯಾಡ್ರಿ." ರಾಡಿ ಬಂದರೆ ಏರಿಯ ಮಣ್ಣೇ ಕರಗಿ ಬರುತ್ತಿದೆ ಎಂದರ್ಥ. ಏರಿಯ ಉದ್ದಕ್ಕೂ ಹೊಸ ಬಿರುಕು, ಬೆಂಚು ಒಂದು ಕಡೆಗೆ ವಾಲಿದ್ದು, ನೆಲ ಕುಸಿದು ತಗ್ಗಾದದ್ದು ಕೂಡ ಲೆಕ್ಕಕ್ಕೆ ಬರುತ್ತವೆ. ಏರಿಗೆ ಟೈಲ್ಸ್ ಹಾಸಿ ಸಿಂಗಾರ ಮಾಡುವುದರ ಮೇಲೆ ನನಗಿರುವ ತಕರಾರು ಇದೇ. ಬಿರುಕು ಟೈಲ್ಸಿನ ಕೆಳಗೆ ಅಡಗಿಬಿಡುತ್ತದೆ. ಅಲಂಕಾರಕ್ಕೆಂದು ಏರಿಯ ಮೇಲೇ ದೊಡ್ಡ ಮರ ನೆಡುವುದೂ ಹಾಗೆಯೇ.

ನೀರಡಿ ಎಂದು ಇಲ್ಲಿ ಕರೆಯುತ್ತಿದ್ದ ಆ ನೀರಗಂಟಿ ಈಗಿಲ್ಲ. ದಿನಾ ಬೆಳಿಗ್ಗೆ, ಸಂಜೆ ಏರಿ ತುಳಿಯುವವರು ವಾಕಿಂಗಿನವರು ಮಾತ್ರ. ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತಾ ಹೋಗುವವರು ಒಂದು ಸುತ್ತಿನಲ್ಲಿ ಕೋಡಿಯ ಕಡೆಗೂ ತಲೆ ಎತ್ತಬಹುದು. ರಾಡಿ ನೀರೋ ಹೊಸ ಬಿರುಕೋ ಕಂಡರೆ ಒಂದು ಫೋಟೋ ತೆಗೆದು ಪಾಲಿಕೆಗೂ ಕಾಲೋನಿ ಸಂಘಕ್ಕೂ ಕಳಿಸುವುದಕ್ಕೆ ಎರಡು ನಿಮಿಷ ಸಾಕು.

ನೀರಿಗಿಂತ ಮುಂಚೆ ನಾಲೆಯ ಮಾತು. 2020ರ ಸೆಪ್ಟೆಂಬರಿನಲ್ಲಿ ನೇರೇಡ್‌ಮೆಟ್‌ನಲ್ಲಿ ಸೈಕಲ್ ತುಳಿಯಲು ಹೊರಟ 12 ವರ್ಷದ ಹುಡುಗಿಯೊಬ್ಬಳು ಮಳೆಯಲ್ಲಿ ತೆರೆದ ನಾಲೆಗೆ ಬಿದ್ದಳು. ಮರುದಿನ ಅವಳು ಸಿಕ್ಕಿದ್ದು ಬಂಡಚೆರುವಿನಲ್ಲಿ. ಇಲ್ಲಿ ಕೆರೆಯಿಂದ ಕೆರೆಗೆ ನೀರು ಹೋಗುವ ದಾರಿ ನಮ್ಮ ಬೀದಿಗಳ ಪಕ್ಕದಲ್ಲೇ ಇದೆ. ಮಳೆ ನಿಂತ ಮೇಲೂ ಒಂದೆರಡು ಗಂಟೆ ಮಕ್ಕಳನ್ನು ಸೈಕಲ್ ಕೊಟ್ಟು ಹೊರಗೆ ಬಿಡಬೇಡಿ. ರಸ್ತೆಯ ಮೇಲೆ ಹರಿಯುವ ನೀರಿನ ಕೆಳಗೆ ಏನಿದೆ ಎಂದು ಕಾಣುವುದಿಲ್ಲ.

ಶಾಮೀರ್‌ಪೇಟೆ ಕೆರೆ ಇದೇ ಜಿಲ್ಲೆಯದು, ಪಕ್ಕದಲ್ಲೇ ಜಿಂಕೆ ಪಾರ್ಕು. ಹೈದರಾಬಾದಿನ ಹುಡುಗರು ಭಾನುವಾರ ಬೈಕು ಹತ್ತಿ ಹೋಗುವ ಜಾಗ. ಅಲ್ಲಿ ಈಜಲು ಇಳಿದು ಜೀವ ಕಳೆದುಕೊಂಡವರ ಸುದ್ದಿ ಆಗಾಗ ಬರುತ್ತದೆ. ಕೆರೆಯ ತಳ ಈಜುಕೊಳದ ಹಾಗೆ ಸಮವಾಗಿರುವುದಿಲ್ಲ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಬೀಳಬಹುದು. ಮಣ್ಣು ತೆಗೆದ ಗುಂಡಿ, ಕಾಲು ಹಿಡಿಯುವ ಹೂಳು, ಬಳ್ಳಿಯಂಥ ಕಳೆ ಇರುತ್ತವೆ. ಆದ್ದರಿಂದ ದಡದಲ್ಲಿ ಕೂತು ಬುತ್ತಿ ಬಿಚ್ಚಿದರೆ ಸಾಕು.

ನೀರಿನ ಮೇಲೆ ಹೋಗಲೇಬೇಕು ಎಂಬ ಆಸೆಯಿದ್ದರೆ ವಿಕಾರಾಬಾದ್ ಕಡೆಯ ಕೋಟಿಪಲ್ಲಿ ಜಲಾಶಯಕ್ಕೆ ಹೋಗಿ. ಸುಮಾರು ನೂರು ಕಿಲೋಮೀಟರ್, ದಾರಿಯಲ್ಲಿ ಮೂಸಿ ಹುಟ್ಟುವ ಅನಂತಗಿರಿ ಬೆಟ್ಟ. ಅಲ್ಲಿ ಕಯಾಕಿಂಗ್ ಇದೆ. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿಸಿಕೊಂಡು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ಟು ಕಿವಿಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಮೋಡ ಕಟ್ಟಿದರೆ, ಗಾಳಿ ಎದ್ದರೆ ದುಡ್ಡು ಹೋದರೂ ಪರವಾಗಿಲ್ಲ, ಮರಳಿ ಬನ್ನಿ. ತೂಬು, ಕೋಡಿಗಳ ಹತ್ತಿರ ದೋಣಿ ಒಯ್ಯಬಾರದು, ಅಲ್ಲಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಅಷ್ಟು ದೂರ ಬೇಡವೆಂದರೆ ಮಲ್ಕಾಜ್‌ಗಿರಿಯ ಪಕ್ಕದಲ್ಲೇ ಮೌಲಾಲಿ ಗುಡ್ಡವಿದೆ. ಇಡೀ ಗುಡ್ಡವೇ ಒಂದು ಗ್ರಾನೈಟ್ ಬಂಡೆ, ನಾನೂರಕ್ಕೂ ಹೆಚ್ಚು ಮೆಟ್ಟಿಲು, ತುದಿಯಲ್ಲಿ ದರ್ಗಾ. ಬೆಳಗಿನ ಆರಕ್ಕೆ ಹತ್ತಿದರೆ ಬಿಸಿಲಿನ ಕಾಟವಿಲ್ಲ. ಮೇಲಿಂದ ಮನೆಗಳ ನಡುವೆ ಅಲ್ಲಲ್ಲಿ ಹೊಳೆಯುವ ನೀರು ಹುಡುಕಿ. ಇಳಿದ ಮೇಲೆ ಸಮಯವಿದ್ದರೆ ಕೀಸರಗುಟ್ಟ, ಅಲ್ಲಿ ಬಯಲಲ್ಲೆಲ್ಲ ಲಿಂಗಗಳು. ಸಫಿಲ್‌ಗೂಡಕ್ಕೆ ಬರುವವರಿಗೆ ಸಿಕಂದರಾಬಾದಿನಿಂದ ಬೊಲಾರಂ ಕಡೆಗೆ ಹೋಗುವ ರೈಲು ಇದೆ, ಸಫಿಲ್‌ಗೂಡ ನಿಲ್ದಾಣದಲ್ಲಿ ಇಳಿಯಬೇಕು. ಭಾನುವಾರ ಮೈಸಮ್ಮನ ಗುಡಿಯ ಜನಸಂದಣಿ ಹೆಚ್ಚು, ಕಾರು ತಂದರೆ ನಿಲ್ಲಿಸಲು ಜಾಗ ಸಿಗದು.