ಕಾಳನ ತಿಂಡಿ

ನಾಯಿಯ ಊಟದ ವಿಷಯದಲ್ಲಿ ನಮ್ಮ ಹಿರಿಯರು ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ‘ಹಳಸಿದ ಅನ್ನಕ್ಕೆ ಹಸಿದ ನಾಯಿ’ ಎಂದು ಹೇಳಿ ಕೈತೊಳೆದುಕೊಂಡರು. ಮನೆಮಂದಿಯೆಲ್ಲ ಉಂಡೆದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿದುದು, ಮಕ್ಕಳ ತಟ್ಟೆಯಲ್ಲಿ ಮಿಕ್ಕುದು, ಹಿಂದಿನ ದಿನದ ತಂಗಳು, ಇವೇ ನಾಯಿಯ ಪಾಲು. ಹಾಗೆಂದು ನಾಯಿಯ ಮೇಲೆ ಅವರಿಗೆ ಅಭಿಮಾನವಿರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಶಾಸನವನ್ನು ನೋಡಿ. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟಿದ್ದಾರೆ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟುವುದೆಂದೂ ಬರೆಸಿದ್ದಾರೆ. ಸತ್ತ ನಾಯಿಗೆ ಇಷ್ಟು ಗೌರವ ತೋರಿದವರು, ಅದು ಬದುಕಿದ್ದಾಗ ಏನನ್ನು ತಿನ್ನಿಸುತ್ತಿದ್ದರೆಂಬುದನ್ನೂ ಒಂದು ಸಾಲಿನಲ್ಲಿ ಕೆತ್ತಿಸಿದ್ದರೆ ನನಗೆ ದೊಡ್ಡ ಉಪಕಾರವಾಗುತ್ತಿತ್ತು.

ನಮ್ಮ ಮನೆಯಲ್ಲಿಯೂ ಒಂದು ನಾಯಿಯಿದೆ. ಮೈಬಣ್ಣದಿಂದಾಗಿ ಅದಕ್ಕೆ ಕಾಳನೆಂದು ಹೆಸರು. ಅದು ಬೇಟೆನಾಯಿಯಲ್ಲ, ಅದರ ಬೇಟೆಯೆಲ್ಲ ದಾರಿಹೋಕರ ಕೈಗಳ ಮೇಲೆ. ಬೆಳಗ್ಗೆ ಹಾಲಿನವನಿಂದ ಎರಡು ಬಿಸ್ಕತ್ತು, ಮಧ್ಯಾಹ್ನ ಎದುರುಮನೆಯ ಅಮ್ಮನವರಿಂದ ವಡೆಯ ತುಂಡು, ಸಂಜೆ ಶಾಲೆಯಿಂದ ಮರಳುವ ಮಕ್ಕಳಿಂದ ಬನ್ನಿನ ಚೂರು. ಕೊಡುವವರೆಲ್ಲ ಹೇಳುವ ಮಾತು ಒಂದೇ: “ಪಾಪ, ಬಾಯಿಲ್ಲದ ಪ್ರಾಣಿ!” ಇಷ್ಟನ್ನೆಲ್ಲ ಒಳಕ್ಕೆ ಸೇರಿಸಿಕೊಳ್ಳಬಲ್ಲ ಪ್ರಾಣಿಗೆ ಬಾಯಿಲ್ಲವೆನ್ನುವುದು ಹೇಗೋ ನಾನರಿಯೆ.

ಹತ್ತನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಕಾಳನ ತೂಕ 26 ಕಿಲೋಗ್ರಾಮಿಗೆ ಏರಿತು. ಮಲಗಿದಲ್ಲಿಂದ ಏಳುವಾಗ ಹಿಂಗಾಲುಗಳು ನಡುಗತೊಡಗಿದವು. ಜಗುಲಿಯ ಏಳು ಮೆಟ್ಟಿಲುಗಳನ್ನು ಎರಡೇ ನೆಗೆತದಲ್ಲಿ ಏರುತ್ತಿದ್ದ ನಾಯಿ ಕೆಳಗೆ ನಿಂತು ಕುಂಯ್‌ಗುಡತೊಡಗಿತು. ಪಶುವೈದ್ಯರು ಕಾಲನ್ನು ಮಡಿಸಿ, ಬಿಡಿಸಿ, ಬೆನ್ನನ್ನು ಒತ್ತಿ ನೋಡಿದರು. “ವಯಸ್ಸನ್ನು ನಾನು ಇಳಿಸಲಾರೆ, ತೂಕವನ್ನು ನೀವು ಇಳಿಸಬಲ್ಲಿರಿ. ಈ ಕೀಲುಗಳಿಗೆ 20 ಕಿಲೋಗಿಂತ ಹೆಚ್ಚು ಹೊರುವ ಶಕ್ತಿಯಿಲ್ಲ. ಹೀಗೆಯೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಇದು ಎದ್ದು ನಿಲ್ಲುವುದೂ ಕಷ್ಟ” ಎಂದರು. ಮೊಟ್ಟೆ, ಮಾಂಸ, ಅನ್ನಗಳ ಎರಡು ಹೊತ್ತಿನ ಊಟ ಅಳತೆಯಲ್ಲಿ ನಡೆಯಲಿ. ನಡುನಡುವಿನ ತಿಂಡಿ ಮಾತ್ರ ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂದು ಕಟ್ಟಪ್ಪಣೆಯಾಯಿತು.

ತಿಂಡಿಯನ್ನು ಪೂರ್ತಿಯಾಗಿ ನಿಲ್ಲಿಸಿಬಿಡಬಹುದಿತ್ತು. ಆದರೆ ಕಾಳನನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಇಡಿಯ ಬನ್ನು ಕೊಟ್ಟರೂ ಬಾಲ ಅಷ್ಟೇ ಅಲ್ಲಾಡುತ್ತದೆ. ಉಗುರಿನಷ್ಟು ಚೂರು ಕೊಟ್ಟರೂ ಅಷ್ಟೇ. ಅದು ಎಣಿಸುವುದು ಕೈಗಳನ್ನು, ತುತ್ತಿನ ಗಾತ್ರವನ್ನಲ್ಲ. ಹಾಗಿದ್ದ ಮೇಲೆ ಆ ಕೈಗಳಲ್ಲಿ ಇರುವ ಪದಾರ್ಥವನ್ನು ಬದಲಿಸಿದರೆ ಸಾಕಲ್ಲವೆ? ತರಕಾರಿಯ ಯೋಚನೆ ಬಂದುದು ಹೀಗೆ.

ತೋಳನ ವಂಶದ ಪ್ರಾಣಿಗೆ ಕುಂಬಳಕಾಯಿಯೆ ಎಂದು ನೀವು ನಗಬಹುದು. 2013ರಲ್ಲಿ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸಲು ನೆರವಾಗುವ ಒಂದು ವಂಶವಾಹಿ ತೋಳನಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿಗಳಲ್ಲಿದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಕಂಡುಬಂದಿತು. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕಾದು ಕುಳಿತು ನಾಯಿ ತನ್ನ ಹೊಟ್ಟೆಯನ್ನೇ ಬದಲಿಸಿಕೊಂಡಿದೆ! ಗಜ್ಜರಿ, ಸಿಹಿಕುಂಬಳಗಳ ಹಳದಿ ಬಣ್ಣದ ಸತ್ತ್ವವನ್ನು ಅದು ‘ಎ’ ಜೀವಸತ್ತ್ವವನ್ನಾಗಿ ಮಾರ್ಪಡಿಸಿಕೊಳ್ಳಬಲ್ಲದು. ಬೆಕ್ಕಿಗೆ ಆ ಶಕ್ತಿಯಿಲ್ಲ. ಆದರೆ ಬಾಯಿ ಇನ್ನೂ ತೋಳನದೇ. ದವಡೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಹಸುವಿನಂತೆ ಅಡ್ಡಡ್ಡಲಾಗಿ ಅರೆಯಲಾರದು. ಆದುದರಿಂದ ತರಕಾರಿಯನ್ನು ಬೇಯಿಸಿ, ಅರೆಯುವ ಕೆಲಸವನ್ನು ನಾವೇ ಮಾಡಿಕೊಡಬೇಕು. ಹಸಿಯ ಗಟ್ಟಿ ತುಂಡುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಉಂಟು.

ಏನನ್ನು ಹಾಕಬಾರದೆಂಬುದು ಇನ್ನೂ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಚಾಕೊಲೇಟು ವಿಷ. ನಾವು ಹುಳಿಗೆ ಹಾಕುವ ಈರುಳ್ಳಿ, ಒಗ್ಗರಣೆಗೆ ಬೀಳುವ ಬೆಳ್ಳುಳ್ಳಿ, ಹಬ್ಬದ ಪಾಯಸದ ದ್ರಾಕ್ಷಿ, ಎಲ್ಲವೂ ಈ ಪಟ್ಟಿಯಲ್ಲಿ ಸೇರಿಬಿಟ್ಟವು. ನಮ್ಮ ನಾಲಗೆಗೆ ಹಬ್ಬವಾದುದು ಅದರ ಹೊಟ್ಟೆಗೆ ಅಪಾಯ.

ಮಾಡುವ ಕ್ರಮ ಸುಲಭ. ಸಿಹಿಕುಂಬಳಕಾಯಿಯ ಸಿಪ್ಪೆ, ಬೀಜ ತೆಗೆದು, ಒಂದು ಗಜ್ಜರಿಯನ್ನೂ ನಾಲ್ಕಾರು ಹುರುಳಿಕಾಯಿಗಳನ್ನೂ ಸಣ್ಣಗೆ ಹೆಚ್ಚಿ ಸೇರಿಸಿ ಹಬೆಯಲ್ಲಿ ಬೇಯಿಸಬೇಕು. ನುಣ್ಣಗೆ ಮಸೆದು, ಮುದ್ದೆಯಾಗುವಷ್ಟು ರಾಗಿಹಿಟ್ಟನ್ನು ಕಲಸಬೇಕು. ಉಪ್ಪು, ಬೆಲ್ಲ, ಎಣ್ಣೆ ಯಾವುದೂ ಬೇಡ. ಎಂಟಾಣೆಯಷ್ಟು ಅಗಲದ ತೆಳು ಬಿಲ್ಲೆಗಳನ್ನು ತಟ್ಟಿ, ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಒಣಗುವವರೆಗೆ ಬೇಯಿಸಬೇಕು. ಅವಸರಪಟ್ಟರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ತರಕಾರಿಯ ತೇವವಿರುವುದರಿಂದ ಹೊರಗಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದುದನ್ನು ‘ನಾಯಿಗಲ್ಲವೆ’ ಎಂದು ಹಾಕುವಂತಿಲ್ಲ, ಅದೂ ವಿಷವೇ. ನಾಲ್ಕು ದಿನಕ್ಕಾಗುವಷ್ಟು ಮಾತ್ರ ಮಾಡಿ ಶೀತಕಪೆಟ್ಟಿಗೆಯಲ್ಲಿಡುತ್ತೇವೆ.

ಮೊದಲ ದಿನ ಕಾಳನು ಬಿಲ್ಲೆಯನ್ನು ಮೂಸಿತು, ನನ್ನ ಮುಖವನ್ನು ನೋಡಿತು, ಅದನ್ನು ಹೊಸ್ತಿಲ ಮೇಲೆ ಮರ್ಯಾದೆಯಿಂದ ಇಟ್ಟು ಹೊರಟುಹೋಯಿತು. ನಾಯಿಯ ರುಚಿಯೆಲ್ಲ ಮೂಗಿನಲ್ಲಿ. ಬಿಲ್ಲೆಯನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟಾಗ ಕುಂಬಳದ ಕಂಪು ಎದ್ದಿತು. ಕಾಳನು ಹಿಂತಿರುಗಿ ಬಂದಿತು. ನನ್ನ ಮೊಮ್ಮಗಳೂ ಒಂದನ್ನು ಬಾಯಿಗೆ ಹಾಕಿಕೊಂಡು, “ಅಜ್ಜಾ, ಬರೀ ಸಪ್ಪೆ!” ಎಂದು ತೀರ್ಪು ಕೊಟ್ಟಳು.

ನಾಯಿಯನ್ನು ಒಪ್ಪಿಸಿದಷ್ಟು ಸುಲಭವಾಗಿ ಬೀದಿಯನ್ನು ಒಪ್ಪಿಸಲಾಗಲಿಲ್ಲ. ದಿನಕ್ಕೆ ಹನ್ನೆರಡು ಬಿಲ್ಲೆಗಳನ್ನು ಎಣಿಸಿ ಡಬ್ಬಿಯಲ್ಲಿ ಹಾಕಿ ಗೇಟಿನ ಬಳಿ ಇಟ್ಟೆ. ಕಾಳನಿಗೆ ಕೊಡಬೇಕೆನ್ನುವವರು ಇದರಿಂದಲೇ ಕೊಡಬೇಕು, ಡಬ್ಬಿ ಬರಿದಾದರೆ ಆ ದಿನಕ್ಕೆ ಮುಗಿಯಿತು ಎಂದು ಹೇಳಿದೆ. ಹಾಲಿನವನೂ ಮಕ್ಕಳೂ ಸಂತೋಷದಿಂದ ಒಪ್ಪಿದರು. ಎದುರುಮನೆಯ ಅಮ್ಮನವರಿಗೆ ಮಾತ್ರ ನೋವಾಯಿತು. “ಒಂಬತ್ತು ವರ್ಷ ಕೊಟ್ಟಿದ್ದೇನೆ ಮೇಷ್ಟ್ರೇ, ನನ್ನ ಕೈಯ ವಡೆ ಈಗ ವಿಷವಾಯಿತೆ?” ಎಂದರು. ಅವರ ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ದಿನವೂ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದುದು ಕಾಳನೊಂದೇ. ಈರುಳ್ಳಿಯ ವಿಷಯವನ್ನು ಎಷ್ಟು ಬಿಡಿಸಿ ಹೇಳಿದರೂ ಅವರ ಮುಖ ಅರಳಲಿಲ್ಲ. ಕೊನೆಗೆ ನನ್ನ ಹೆಂಡತಿ ಅರ್ಧ ಕುಂಬಳಕಾಯಿಯನ್ನೂ ಒಂದು ಪಾವು ರಾಗಿಹಿಟ್ಟನ್ನೂ ತೆಗೆದುಕೊಂಡು ಅವರ ಅಡುಗೆಮನೆಗೇ ಹೋದಳು. ಅಂದಿನಿಂದ ಬಿಲ್ಲೆ ತಟ್ಟುವುದು ಅವರ ಪಾಲಿನ ಕೆಲಸವಾಗಿದೆ. ನಾನು ತಟ್ಟಿದವು ದಪ್ಪವಾಗಿದ್ದವೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಏಳು ತಿಂಗಳಾಯಿತು. ಕಾಳನ ತೂಕ ಈಗ 23 ಕಿಲೋ. ಏಳು ಮೆಟ್ಟಿಲುಗಳಲ್ಲಿ ನಾಲ್ಕನ್ನು ಒಂದೊಂದಾಗಿ ಹತ್ತಿ, ನಾಲ್ಕನೆಯದರ ಮೇಲೆ ಕುಳಿತು ಮೇಲಕ್ಕೆ ನೋಡುತ್ತದೆ. ಐದನೆಯದರ ಮೇಲೆ ಒಂದು ಬಿಲ್ಲೆಯನ್ನಿಟ್ಟು ನೋಡೋಣವೆಂದು ಎದುರುಮನೆಯ ಅಮ್ಮನವರ ಸಲಹೆ. ವೈದ್ಯರು ಇನ್ನೊಂದು ತಿಂಗಳು ತಡೆಯಿರಿ ಎಂದಿದ್ದಾರೆ.