ಪರಿಮಳ ಮರೆತ ಮೂಗಿಗೆ ಮತ್ತೆ ಪಾಠ

ದೃಷ್ಟಿ ಮಂದವಾದರೆ ಕನ್ನಡಕ ಮಾಡಿಸುತ್ತೇವೆ, ಕಿವಿ ಕೇಳಿಸದಿದ್ದರೆ ವೈದ್ಯರನ್ನು ಕಾಣುತ್ತೇವೆ. ಘ್ರಾಣಶಕ್ತಿ ಕುಂದಿದರೆ ಮಾತ್ರ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ಪ್ರವಾದಿ ಯಾಕೂಬ್(ಅ)ರು ದೂರದಿಂದಲೇ ಪುತ್ರ ಯೂಸುಫ್(ಅ)ರ ಪರಿಮಳವನ್ನು ಗುರುತಿಸಿದ ಸಂಗತಿ ಪವಿತ್ರ ಕುರ್‌ಆನಿನಲ್ಲಿದೆ. ದುಃಖದಿಂದ ಕಣ್ಣು ಕಳೆದುಕೊಂಡಿದ್ದ ಆ ತಂದೆಗೆ, ಶುಭವಾರ್ತೆಯವನು ಬರುವ ಮೊದಲೇ ಮಗನ ಸುಳಿವು ದೊರೆತದ್ದು ಮೂಗಿನಿಂದ.

ಬಾಣಾವರದ ನಮ್ಮ ಮನೆಯ ಹಿರಿಯರಿಗೆ ಪಾರ್ಕಿನ್‌ಸನ್ ಕಾಯಿಲೆ. ಕೈನಡುಕ ಕಾಣಿಸುವ ಎಷ್ಟೋ ವರ್ಷ ಮೊದಲೇ, ಜುಮಾದ ದಿನ ಹಚ್ಚುವ ಅತ್ತರು ಅವರಿಗೆ ನೀರಿನಂತಾಗಿತ್ತು. ಕೊಬ್ಬರಿ ಮುಗ್ಗಿದರೆ ಹಿಂದೆ ಮೊದಲು ತಿಳಿಯುತ್ತಿದ್ದುದು ಅವರಿಗೇ. ತೆಂಗಿನ ಸೀಮೆಯವರಿಗೆ ಅದು ಸಣ್ಣ ನಷ್ಟವಲ್ಲ. ಈ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ವಾಸನೆ ಕುಂದುತ್ತದೆ, ಹಲವರಲ್ಲಿ ನಡುಕಕ್ಕಿಂತ ಮುಂಚೆಯೇ. ನಡೆ ಸುಗಮಗೊಳಿಸುವ ಮಾತ್ರೆಗಳಿಂದ ಅದು ಮರಳುವುದಿಲ್ಲ.

ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಘ್ರಾಣ ತರಬೇತಿಯನ್ನು ವಿವರಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು 12 ವಾರ ಬೆಳಿಗ್ಗೆ, ಸಂಜೆ ಗಮನವಿಟ್ಟು ಮೂಸುವುದು, ಅಷ್ಟೇ. 2013ರಲ್ಲಿ 70 ಪಾರ್ಕಿನ್‌ಸನ್ ರೋಗಿಗಳ ಅಧ್ಯಯನ ಪ್ರಕಟವಾಯಿತು. ತರಬೇತಿ ಪಡೆದ ಅರ್ಧದಷ್ಟು ಮಂದಿಯ ಗುಂಪಿನಲ್ಲಿ ಸುಧಾರಣೆ ಕಂಡಿತು, ಉಳಿದವರ ಗುಂಪಿನಲ್ಲಿ ಕಾಣಲಿಲ್ಲ. ಸಣ್ಣ ಅಧ್ಯಯನವೆಂಬುದು ನಿಜ. ಮೂಗಿನ ಘ್ರಾಣಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತವೆ. ಆದರೆ ಈ ರೋಗದ ಪೆಟ್ಟು ಮಿದುಳಿನ ಘ್ರಾಣಭಾಗಕ್ಕೂ ಬೀಳುವುದರಿಂದ ಪೂರ್ಣ ಚೇತರಿಕೆಯ ಭರವಸೆಯನ್ನು ಯಾರೂ ಕೊಡಲಾರರು.

ನಾವು ನಾಲ್ಕು ಪುಟ್ಟ ಶೀಶೆಗಳಲ್ಲಿ ಹತ್ತಿ ಇಟ್ಟು, ಒಂದೊಂದಕ್ಕೆ ಒಂದೊಂದು ಎಣ್ಣೆಯ ಹನಿ ಹಾಕಿದೆವು. ಗುಲಾಬಿಗೆ ಮನೆಯ ಅತ್ತರೇ ಸಾಕಾಯಿತು. ಸುಗಂಧದ ಉಡುಗೊರೆಯನ್ನು ಪ್ರವಾದಿವರ್ಯರು(ಸ) ನಿರಾಕರಿಸುತ್ತಿರಲಿಲ್ಲವೆಂದು ಹದೀಸಿನಲ್ಲಿದೆ. ಹಿರಿಯರು ಆ ಶೀಶೆಯನ್ನೇ ಮೊದಲು ಕೇಳುತ್ತಿದ್ದರು. ಫಜ್ರ್ ಮತ್ತು ಇಶಾ ನಮಾಝಿನ ಬಳಿಕ ಒಂದೊಂದನ್ನೂ ಹತ್ತು ಸೆಕೆಂಡು ಮೂಸಿ, ಹೆಸರು ಹೇಳಿ, ಅದರ ನೆನಪನ್ನು ಕರೆಯುವುದು. ನೀಲಗಿರಿಯ ತಂಪು ತಿಳಿದರೆ ಹಿಗ್ಗಬೇಕಿಲ್ಲ. ಅದು ಮುಖದ ಸ್ಪರ್ಶನರದಿಂದಲೂ ತಿಳಿಯುತ್ತದೆ. ಮೂರನೆಯ ತಿಂಗಳಲ್ಲಿ ಅವರು ಕಣ್ಣುಮುಚ್ಚಿ ಗುಲಾಬಿಯನ್ನು ಗುರುತಿಸಿದಾಗಲೇ ನಾವು ಅಲ್‌ಹಮ್ದುಲಿಲ್ಲಾಹ್ ಎಂದದ್ದು. ನಿಂಬೆ ಇನ್ನೂ ಮರಳಿಲ್ಲ. ಮಾತ್ರೆಗಳನ್ನಂತೂ ಒಂದು ಹೊತ್ತೂ ತಪ್ಪಿಸಿಲ್ಲ.

ಅಡುಗೆ ಅನಿಲ ಸೋರಿದರೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಆ ಎಚ್ಚರಿಕೆ ಅವರನ್ನು ತಲುಪದು. ಆದ್ದರಿಂದ ರಾತ್ರಿ ರೆಗ್ಯುಲೇಟರ್ ಮುಚ್ಚುವ ಕೆಲಸ ಈಗ ಮನೆಯ ಮಕ್ಕಳದು. ಹಿಂದಿನ ದಿನದ ಸಾರನ್ನು ಮೂಸಿ ನೋಡಿಯೇ ಅವರಿಗೆ ಬಡಿಸುತ್ತೇವೆ.