ಕೈಗೆ ಗೊತ್ತಿರುವುದು

ಹೋದ ಬೇಸಿಗೆಯಲ್ಲಿ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ಬರೆಯಲೆಂದು ಕಡೇಚೂರಿನ ಮನೆಗೆ ಬಂದೆ. ಮನುಷ್ಯನ ವಿಕಾಸದಲ್ಲಿ ದೇಹ, ಮನಸ್ಸು, ಸಂಸ್ಕೃತಿಗಳ ಸಂಬಂಧ ಏನು ಎಂಬುದು ಅಧ್ಯಾಯದ ವಿಷಯ. ಬಂದ ಮೂರನೇ ದಿನಕ್ಕೆ ಅವ್ವನ ಬಲ ಮಣಿಕಟ್ಟು ಬಾತುಕೊಂಡಿತು. ಒಂದು ತಿಂಗಳು ರೊಟ್ಟಿ ಬಡಿಯಬಾರದು ಅಂದರು ಡಾಕ್ಟರು. ಅಪ್ಪನಾಗಲಿ ಅವ್ವನಾಗಲಿ ನನ್ನ ಕಡೆ ನೋಡಲಿಲ್ಲ. ಇಪ್ಪತ್ತೆಂಟರ ಮಗಳಿಗೆ ರೊಟ್ಟಿ ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಹಳೇ ಸುದ್ದಿ.

ಆದರೂ ಮರುದಿನ ಒಲೆ ಮುಂದೆ ಕೂತೆ. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ಎಸರು ಬಿದ್ದಾಗಷ್ಟೇ ಅದರ ಪಿಷ್ಟ ಅಂಟಾಗಿ ಹಿಟ್ಟು ಒಂದುಗೂಡುತ್ತದೆ. ಇಷ್ಟು ನನಗೆ ಗೊತ್ತಿತ್ತು. ಉಂಡೆ ಅಂಗೈಯಗಲ ಆಗುವಷ್ಟರಲ್ಲಿ ಅಂಚು ನಾಲ್ಕು ಕಡೆ ಸೀಳಿತು. ಎಷ್ಟು ಒತ್ತಬೇಕು, ಯಾವಾಗ ತಿರುಗಿಸಬೇಕು ಅಂತ ಕೇಳಿದೆ. ಅವ್ವ ನೋಯುವ ಕೈಯನ್ನೇ ಗಾಳಿಯಲ್ಲಿ ಎರಡು ಸಲ ಆಡಿಸಿ ನೋಡಿಕೊಂಡು, "ನನಗ ಗೊತ್ತಿಲ್ಲವ್ವ, ಕೈಗೆ ಗೊತ್ತದ" ಅಂದಳು.

ಆಗ ಇಸಾಂಪುರ ನೆನಪಾಯಿತು. ಹುಣಸಗಿ ಪಕ್ಕದ ಈ ಊರಿಗೆ ಎರಡು ವರ್ಷದ ಹಿಂದೆ ಹೋಗಿದ್ದೆ. ನಮ್ಮೂರಿಂದ ಯಾದಗಿರಿಗೆ ಬಂದು, ಭೀಮಾ ದಾಟಿ, ಶಹಾಪುರ, ಸುರಪುರ ಹಾದು ಹೋಗಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1997ರಿಂದ ಅಲ್ಲಿ ಉತ್ಖನನ ಮಾಡಿದರು. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಬೇರೆ ಗಟ್ಟಿ ಕಲ್ಲುಗಳಿಂದ ಹೊಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲನಿರ್ಣಯದ ಪ್ರಕಾರ ಸುಮಾರು 12 ಲಕ್ಷ ವರ್ಷ ಹಳೆಯದು. ಹೊಲದ ಬದುವಿನಲ್ಲಿ ನಿಂತಾಗ ಹೊಳೆದ ಪ್ರಶ್ನೆಯೊಂದೇ: ಇದನ್ನು ಯಾರು ಯಾರಿಗೆ ಹೇಗೆ ಕಲಿಸಿದರು? ನಮ್ಮಂಥ ಮಾತು ಆಗ ಇತ್ತೆನ್ನಲು ಪುರಾವೆಯಿಲ್ಲ. ಬಹುಶಃ ಪಕ್ಕದಲ್ಲಿ ಕೂತು ನೋಡಿದರು, ತಪ್ಪು ಹೊಡೆದರು, ಮತ್ತೆ ಹೊಡೆದರು.

ಮಿದುಳು ಮೊದಲು ಬೆಳೆಯಿತು, ಬುದ್ಧಿ ಬಂತು, ಆಮೇಲೆ ಉಪಕರಣ, ಕಡೆಗೆ ಸಂಸ್ಕೃತಿ ಎಂದು ನಾವು ಶಾಲೆಯಲ್ಲಿ ಓದಿದ್ದು. ಎಲುಬುಗಳು ಹೇಳುವ ಕತೆ ಅಷ್ಟು ನೇರವಾಗಿಲ್ಲ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷ. ಆಗಿನ ಜೀವಿಗಳ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ನಮ್ಮ ನಡುಬೆರಳಿನ ಅಂಗೈ ಎಲುಬಿನ ಬುಡದಲ್ಲಿ ಒಂದು ಸಣ್ಣ ಮೊನೆಯಿದೆ. ಅದು ಮಣಿಕಟ್ಟಿಗೆ ಕೊಂಡಿಯಂತೆ ಸಿಕ್ಕಿಕೊಂಡು, ಬಿಗಿಯಾಗಿ ಹಿಡಿದು ಒತ್ತುವಾಗ ಕೈ ಜರುಗದಂತೆ ತಡೆಯುತ್ತದೆ. ಚಿಂಪಾಂಜಿಗೆ ಅದಿಲ್ಲ. ಕೀನ್ಯಾದಲ್ಲೇ ಸಿಕ್ಕ ಸುಮಾರು 14 ಲಕ್ಷ ವರ್ಷದ ಎಲುಬಿನಲ್ಲಿ ಇದೆ. ಈವರೆಗಿನ ಪುರಾವೆಯಂತೆ ಕಲ್ಲು ಮೊದಲು, ಮೊನೆ ಆಮೇಲೆ. ಹೊಡೆಯುವ ರೂಢಿಯೇ ಹೊಡೆಯುವ ಕೈಯನ್ನು ತಿದ್ದಿದೆ ಎಂದು ನನಗನ್ನಿಸುತ್ತದೆ. ಅವ್ವ ಮುಲಾಮು ಹಚ್ಚಿಸಿಕೊಳ್ಳುವಾಗ ನನ್ನ ಹೆಬ್ಬೆರಳು ಆ ಜಾಗದ ಮೇಲೇ ಓಡಾಡುತ್ತಿತ್ತು.

ಮೊನೆ ಹುಟ್ಟಿನಿಂದ ಬಂತು. ರೊಟ್ಟಿ ಬರಲಿಲ್ಲ. ಕಲ್ಲು ಕೆತ್ತುವುದನ್ನು ಕಲಿತವರ ಮಿದುಳಿನ ನರತಂತುಗಳೇ ಬದಲಾದದ್ದನ್ನು ಡೀಟ್ರಿಕ್ ಸ್ಟೌಟ್ ಮತ್ತು ಸಂಗಡಿಗರು ಸ್ಕ್ಯಾನಿನಲ್ಲಿ ಕಂಡಿದ್ದಾರೆ. ಆದರೆ ಆ ಬದಲಾವಣೆ ಮಕ್ಕಳಿಗೆ ದಾಟುವುದಿಲ್ಲ. ಪ್ರತಿ ತಲೆಮಾರೂ ಮೊದಲಿಂದ ಕೂರಬೇಕು. ನನ್ನನ್ನು ಕೂರಿಸಲಿಲ್ಲ. ಎಂಟನೇ ತರಗತಿಯಲ್ಲಿದ್ದಾಗ ಹಿಟ್ಟಿಗೆ ಕೈ ಹಾಕಿದರೆ ಅವ್ವ ಕೈಮೇಲೆ ಹೊಡೆಯುತ್ತಿದ್ದಳು. "ನೀ ಓದು. ಇದು ಕಲತ್ರ ನಿನ್ನ ಇಲ್ಲೇ ಕೂಡಸ್ತಾರ." ಹತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ಅವಳನ್ನು ಹಾಗೆ ಕೂಡಿಸಿದ್ದರು. ಸಂಸ್ಕೃತಿ ಹೇಗೆ ಹರಿಯುತ್ತದೆ ಎಂಬುದರ ಬಗ್ಗೆ ನಾನು ನೂರಾರು ಪುಟ ಓದಿದ್ದೇನೆ. ಹೀಗೆ ಒಬ್ಬಾಕೆ ಬೇಕೆಂದೇ ಅದಕ್ಕೆ ಅಡ್ಡ ನಿಂತದ್ದನ್ನು ಯಾವ ಅಧ್ಯಾಯದಲ್ಲಿ ಇಡಬೇಕೋ ಇನ್ನೂ ತಿಳಿದಿಲ್ಲ.

ಎಂಟನೇ ದಿನ ಅವ್ವ ಪಕ್ಕಕ್ಕೆ ಸರಿದು ಕೂತು, ತನ್ನ ಎಡಗೈಯನ್ನು ನನ್ನ ಕೈಮೇಲಿಟ್ಟಳು. ಏನೂ ಹೇಳಲಿಲ್ಲ. ರೊಟ್ಟಿ ತಿರುಗಿತು, ಅಗಲವಾಯಿತು, ಒಂದೇ ಕಡೆ ಸೀಳಿತು. ಅವ್ವ ಸೀಳಿಗೆ ನೀರು ಸವರಿ, ಹಂಚಿನ ಮೇಲೆ ಹಾಕಿಸಿದಳು.

"ಇದು ನಿಮ್ಮಪ್ಪಗ ಹಾಕು. ಅವ್ರಿಗೇನ್ ತಿಳ್ಯಂಗಿಲ್ಲ."